ಮೀಸೆ ಸಮ ಉಂಟಾ

೨೦೨೪ ನವೆಂಬರ್ ೧೪, ಗುರುವಾರ, ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ, ಎಡಗೈ ಭಾರವಾಗಿದೆ, ಬಲಗೈ ಹಗುರ, ಕರಾಮದ ಹೋಟೆಲಿನ ಮೆಟ್ಟಿಲ ಮೇಲೆ ನಿಂತಿದ್ದೇನೆ, ಒಂದೊಂದು ಕೈಯಲ್ಲಿ ಒಂದೊಂದು ಬಿರಿಯಾನಿ ಪಾರ್ಸೆಲು, ಎರಡಕ್ಕೂ ಒಂದೇ ಅಳತೆಯ ಕಪ್ಪು ಡಬ್ಬ, ಒಂದೇ ಮುಚ್ಚಳ, ಒಂದೇ ಹಳದಿ ಚೀಲ, ಫುಲ್ ಯಾವುದು ಹಾಫ್ ಯಾವುದು ಎಂದು ಕೇಳಿದ್ದಕ್ಕೆ ಕೌಂಟರಿನವನು, ಎತ್ತಿ ನೋಡಿ ಕಾಕ, ಕೈಗೆ ಗೊತ್ತಾಗ್ತದೆ, ಎಂದು ನಕ್ಕ, ಹೌದು, ಕೈಗೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ, ಫುಲ್ ತಂಗಿಯ ಮಗ ಜಂಶೀರನಿಗೆ, ಭಾರ ಎತ್ತುವ ಟೆಸ್ಟ್ ಮುಗಿಸಿ ಹಸಿದಿರುತ್ತಾನೆ ಹುಡುಗ, ಹಾಫ್ ನನಗೆ, ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಯಾರದೋ ಲುಂಗಿ ಗಾಳಿಗೆ ಉಬ್ಬುತ್ತಿದೆ, ಇನ್ನೇನು ಅಸರ್ ಬಾಂಗ್ ಆಗುತ್ತದೆ, ಅಸರ್ ನಮಾಝ್ ಮುಗಿದ ಕೂಡಲೇ ಟೆಸ್ಟ್ ಎಂದು ಕೋಚ್ ಹೇಳಿದ್ದರು, ಒಂದೇ ಕಪ್ಪು, ಒಂದೇ ಅಗಲ, ಮುಚ್ಚಳ ತೆಗೆಯದೆ ಹೇಳುವಂತಿಲ್ಲ, ಎಡಗಡೆ ಭಾರ, ಬಲಗಡೆ ಹಗುರ — ಯಾ ಅಲ್ಲಾಹ್, ಬೆಳಿಗ್ಗೆ ನಾನು ಆ ಪ್ಲೇಟುಗಳನ್ನು ಹೇಗೆ ಜೋಡಿಸಿಟ್ಟು ಬಂದೆ.

ನಿಧಾನ, ಇಲ್ಯಾಸ್, ಮೊದಲಿನಿಂದ ನೆನಪಿಸಿಕೊ, ಬಾಗಿಲು ತೆರೆದೆ, ದೀಪ ಹಾಕಿದೆ, ಕಾಲೇಜಿನ ಫುಟ್‌ಬಾಲ್ ಹುಡುಗರು ಭಾರ ಎತ್ತುವ ವೇಟ್ ರೂಮು, ಆರು ವರ್ಷದಿಂದ ಅದರ ಸಾಮಾನೆಲ್ಲ ನನ್ನ ವಶದಲ್ಲಿ, ಹಳೆಯ ಪ್ಲೇಟುಗಳ ರಬ್ಬರು ಬಿಸಿಲುಕಾಲದಲ್ಲಿ ಬಿರಿದು ಚೂರುಚೂರಾಗಿ ಉದುರುತ್ತಿತ್ತು, ನಡುವಿನ ಉಕ್ಕಿನ ಬಳೆ ಸಡಿಲಾಗಿ ರಾಡಿಗೆ ಹಾಕಿದರೆ ಗಡಗಡ ಎನ್ನುತ್ತಿತ್ತು, ಎರಡು ವರ್ಷ ಬರೆದೂ ಬರೆದೂ ಕೊನೆಗೆ ಹೊಸದು ಬಂತು, ಹಳೆಯದನ್ನೆಲ್ಲ ಒಂದೊಂದಾಗಿ ಹೊರಗೆ ಉರುಳಿಸಿದೆ, ಹೊಸದನ್ನು ಒಂದೊಂದಾಗಿ ತೂಗಿದೆ, ವರ್ನಿಯರಿನಲ್ಲಿ ದಪ್ಪ ಅಳೆದೆ, ಆಮೇಲೆ ಸ್ಟ್ಯಾಂಡಿಗೆ ತೂಗುಹಾಕಿದೆ, ರಾಡು ಇಡುವ ಆ ಸ್ಟ್ಯಾಂಡಿಗೆ ಎಡಕ್ಕೊಂದು ಬಲಕ್ಕೊಂದು ಗೂಟ, ಎರಡರಲ್ಲೂ ಇಷ್ಟು ವರ್ಷ ಇಪ್ಪತ್ತು ಕಿಲೋದ್ದೇ ಇದ್ದದ್ದು, ಇಪ್ಪತ್ತಕ್ಕಿಂತ ದೊಡ್ಡದು ನಮ್ಮಲ್ಲಿ ಇರಲೇ ಇಲ್ಲ, ಈ ಸಲ ಇಪ್ಪತ್ತೈದರದ್ದೂ ಬಂತು, ಇಪ್ಪತ್ತೈದು ಎಡ ಗೂಟಕ್ಕೆ, ಇಪ್ಪತ್ತು ಬಲ ಗೂಟಕ್ಕೆ, ಯಾಕೆ ಹಾಗೆ ಎಂದು ಯೋಚಿಸಲೂ ಇಲ್ಲ, ಮಂಗಳೂರಿನ ಕಾಲೇಜಿನ ಲ್ಯಾಬಿನಲ್ಲಿ ತಕ್ಕಡಿಯ ತೂಕದ ಪೆಟ್ಟಿಗೆ ಹಾಗೇ ಇತ್ತು, ದೊಡ್ಡದು ಎಡಕ್ಕೆ, ಸಣ್ಣದು ಬಲಕ್ಕೆ, ಈ ಮರಳುನಾಡಿಗೆ ಬಂದ ಮೇಲೆ ಮದೀನತ್ ಜಾಯೆದ್‌ನಲ್ಲಿ ಎಣ್ಣೆ ಬಾವಿಗಳ ಗೇಜುಗಳನ್ನು ಪರೀಕ್ಷೆ ಮಾಡುತ್ತಿದ್ದ ಒಂಬತ್ತು ವರ್ಷ ನಮ್ಮ ವ್ಯಾನಿನಲ್ಲೂ ಹಾಗೇ, ದೊಡ್ಡದು ಎಡಕ್ಕೆ, ಕೈಗೆ ರೂಢಿ, ಜೋಡಿಸಿ ಎರಡು ಹೆಜ್ಜೆ ಹಿಂದೆ ಬಂದು ನೋಡಿ ಎಷ್ಟು ಚಂದ ಎಂದುಕೊಂಡೆ, ಫೋಟೊ ತೆಗೆದು ಊರಿಗೆ ಜಮೀಲಳಿಗೆ ಕಳಿಸಿದೆ, ನಿನ್ನ ಮಗನಿಗೆ ಹೊಸ ಪ್ಲೇಟು ಎಂದು ಬರೆದೆ, ತಂಗಿ ಹೃದಯದ ಚಿತ್ರ ಕಳಿಸಿದಳು, ಆದರೆ ಹುಡುಗರು, ಹುಡುಗರು ತೂಕದ ನಂಬರು ನೋಡುವುದಿಲ್ಲವಲ್ಲ.

ನೋಡುವುದಿಲ್ಲ, ಯಾಕೆಂದರೆ ಹಳೆಯ ಪ್ಲೇಟುಗಳಲ್ಲಿ ನೋಡಲು ನಂಬರೇ ಉಳಿದಿರಲಿಲ್ಲ, ಸವೆದು ಹೋಗಿತ್ತು, ದೊಡ್ಡದೆಂದರೆ ಇಪ್ಪತ್ತು ಅಷ್ಟೇ, ಒಬ್ಬ ಎಡಕ್ಕೆ ನಿಂತು ಎಡ ಗೂಟದಿಂದ ತೆಗೆದು ಹಾಕುತ್ತಾನೆ, ಇನ್ನೊಬ್ಬ ಬಲಕ್ಕೆ ನಿಂತು ಬಲ ಗೂಟದಿಂದ, ಬಾಯಲ್ಲಿ ಎಣಿಸುತ್ತಾರೆ, ವನ್, ಟೂ, ತ್ರೀ, ಯಲ್ಲಾ, ಅಷ್ಟೇ ಲೆಕ್ಕ, ಮೂರು ಮೂರು ಎಂದರೆ ರಾಡಿನ ಇಪ್ಪತ್ತೂ ಸೇರಿ ನೂರನಲವತ್ತು, ಹೊಸ ಪ್ಲೇಟುಗಳು ಇಪ್ಪತ್ತಾಗಲಿ ಇಪ್ಪತ್ತೈದಾಗಲಿ ಅಗಲದಲ್ಲಿ ಒಂದೇ, ಕಪ್ಪಿನಲ್ಲೂ ಒಂದೇ, ನಂಬರು ಒಂದು ಮುಖದಲ್ಲಿ ಮಾತ್ರ, ಇನ್ನೊಂದು ಮುಖದಲ್ಲಿ ಕಾಲೇಜಿನ ಲಾಂಛನದ ಗಿಡುಗ, ಮೊನ್ನೆ ಪೆಟ್ಟಿಗೆ ಒಡೆಯುವಾಗ ಕೋಚ್ ಬ್ರಾಯನ್ ಪಾಯ್ಸ್ ಮಕ್ಕಳ ಹಾಗೆ ಕುಣಿದರು, ಇಲ್ಯಾಸ್, ಗಿಡುಗ ಹೊರಗೆ ಕಾಣ್ಬೇಕು ಮಾರಾಯ್ರೆ, ನಂಬರ್ ಗೋಡೆಗೆ ತಿರ್ಗಿಸಿ, ವೆಬ್‌ಸೈಟಿಗೆ ಫೋಟೊ ಉಂಟು, ನಾನು ತಿರುಗಿಸಿದೆ, ಒಂದೊಂದನ್ನೂ ನನ್ನ ಕೈಯಾರೆ ತಿರುಗಿಸಿದೆ, ಆದ್ದರಿಂದ ಈಗ ಆ ಕೋಣೆಯಲ್ಲಿ ಮೂರು ಮೂರು ಎಂದರೆ ಎಡಕ್ಕೆ ಎಪ್ಪತ್ತೈದು, ಬಲಕ್ಕೆ ಅರುವತ್ತು, ಹದಿನೈದು ಕಿಲೋ ಹೆಚ್ಚು, ಆ ಹದಿನೈದೂ ಒಂದೇ ಕಡೆಗೆ, ಎಡಗಡೆಗೆ, ಮತ್ತು ಜಂಶೀರನ ಆಪರೇಶನ್ ಆದ ಮೊಣಕಾಲು, ಎಡಗಾಲಿನದ್ದು.

ಎಂತ ಇಲ್ಯಾಸಾಕ, ಬಿರಿಯಾನಿ ಹಿಡ್ಕೊಂಡು ಮಯ್ಯತ್ತಿನ ಮನೇಲಿ ಹೆಣ ನೋಡಿದವ್ರ ಹಾಗೆ ನಿಂತಿದ್ದೀರಿ, ಅನ್ಸಾರ್ ಪಿಕಪ್ಪಿನ ಕಿಟಕಿಯಿಂದ ಕೂಗುತ್ತಿದ್ದಾನೆ, ಹಳೆಯ ಪ್ಲೇಟುಗಳನ್ನು ಗುಜರಿಗೆ ಒಯ್ದದ್ದು ಇವನ ಗಾಡಿಯಲ್ಲೇ, ನನ್ನನ್ನು ಮನೆ ಹತ್ತಿರ ಇಳಿಸಿ ಅವನು ಹೋಗಬೇಕಿತ್ತು, ಕಾಲೇಜಿಗೆ ಬಿಡು ಅನ್ಸಾರ್, ಈಗಲೇ, ಬೇಗ, ಎಂದರೆ ಈಗವಾ, ನಿಮ್ಗೆ ಇವತ್ತು ಮಧ್ಯಾಹ್ನದ ಮೇಲೆ ರಜೆ ಅಂತ ನೀವೇ ಹೇಳಿದ್ದಲ್ವಾ, ಹೌದು, ರಜೆ, ಕೋಚ್ ಕೊಟ್ಟ ರಜೆ, ಬೆಳಿಗ್ಗೆ ಎಲ್ಲರೆದುರು ಹೇಳಿದರು, ನೀವು ಇದ್ರೆ ಹುಡುಗ ಹೆದರ್ತಾನೆ ಇಲ್ಯಾಸ್, ನಿಮ್ಮ ಮುಖ ನೋಡಿದ್ರೆ ನಂಗೇ ಮೊಣಕಾಲು ನೋವು ಬರ್ತದೆ, ಸ್ಕ್ರಾಪ್ ಕೊಟ್ಟು ಹಾಗೇ ಮನೆಗೆ ಹೋಗಿ, ಎಲ್ಲರೂ ನಕ್ಕರು, ಜಂಶೀರನೂ ನಕ್ಕ, ಈಗ ಪಿಕಪ್ಪು ಹತ್ತಿ ಬಾಗಿಲು ಹಾಕಿದೆ, ಗಾಡಿ ಹೊರಟಿತು, ಪಾರ್ಸೆಲುಗಳು ಇನ್ನೂ ಕೈಯಲ್ಲೇ, ಕೆಳಗಿಡಬಹುದು, ಬೆರಳು ಬಿಡುತ್ತಿಲ್ಲ, ಒಂದು ಕೈಯ ಚೀಲವನ್ನು ಮಣಿಕಟ್ಟಿಗೆ ಜಾರಿಸಿ ಫೋನು ತೆಗೆದೆ, ಜಂಶೀರನಿಗೆ, ರಿಂಗು, ರಿಂಗು, ರಿಂಗು, ಕೋಚಿಗೆ, ರಿಂಗು, ಟೆಸ್ಟಿನ ದಿನ ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿ, ಕೋಚಿನದ್ದೂ ಅಲ್ಲೇ, ಆ ಬುಟ್ಟಿ ಕೊಂಡು ತಂದವನೂ ನಾನೇ, ಈಗ ಅದರೊಳಗೆ ನನ್ನ ಹೆಸರು ಬೆಳಗಿ ಬೆಳಗಿ ಆರುತ್ತಿರಬಹುದು, ಬಾಂಗ್ ಶುರುವಾಯಿತು, ಒಂದು ಮಸೀದಿಯದ್ದು ಇನ್ನೊಂದರ ಮೇಲೆ ಏರಿ ಬರುತ್ತಿದೆ, ಹುಡುಗರು ಈಗ ವುಳೂ ಮಾಡುತ್ತಿರುತ್ತಾರೆ, ಕಾಲು ತೊಳೆಯುತ್ತಿರುತ್ತಾರೆ, ಜಂಶೀರ್ ಎಡಗಾಲು ತೊಳೆಯುವಾಗ ಮೊಣಕಾಲಿನ ಗಾಯದ ಬಿಳಿ ಗೆರೆಗೆ ಒಮ್ಮೆ ಹೆಬ್ಬೆರಳು ಒತ್ತುತ್ತಾನೆ, ಯಾರೂ ನೋಡುತ್ತಿಲ್ಲ ಎಂದುಕೊಂಡು.

ಆ ಶಬ್ದ, ಕಳೆದ ಜನವರಿಯದ್ದು, ನಾನು ಗೆರೆಯಾಚೆ ನೀರಿನ ಬಾಟಲಿ ಹಿಡಿದು ನಿಂತಿದ್ದೆ, ಅವನ ಪಕ್ಕದಲ್ಲಿ ಯಾರೂ ಇರಲಿಲ್ಲ, ಯಾರೂ ತಾಗಲಿಲ್ಲ, ಚೆಂಡಿಗೆ ತಿರುಗಿದ ಅಷ್ಟೇ, ಹಸಿ ಬೆತ್ತ ಮುರಿದ ಹಾಗೆ ಒಂದು ಶಬ್ದ, ಅಷ್ಟು ದೂರಕ್ಕೆ ಕೇಳಿಸಿತು, ಅವನು ಬೀಳುವ ಮೊದಲು ನನಗೆ ಕೇಳಿಸಿತು, ಮಂಗಳೂರಿಗೆ ಕಳಿಸಿ ಆಪರೇಶನ್ ಮಾಡಿಸಿದೆವು, ಡಾಕ್ಟರು ಒಂದೇ ಮಾತು ಹೇಳಿದರು, ಇನ್ನೊಮ್ಮೆ ಇದು ಹೋದರೆ ಫುಟ್‌ಬಾಲ್ ಖಲಾಸ್ ಎನ್ನಲಿಲ್ಲ, ನೆಟ್ಟಗೆ ನಡೆಯುವುದೇ ಕಷ್ಟ ಎಂದರು, ಜಮೀಲ ವಿಮಾನ ನಿಲ್ದಾಣದ ಗಾಜಿನ ಬಾಗಿಲ ಬಳಿ ಅಣ್ಣನಾದ ನನ್ನ ಎರಡೂ ಕೈ ಹಿಡಿದು, ಕಾಕ, ನಂಗೆ ಅವನೊಬ್ಬನೇ ಇರುದು, ಆಡಿಸ್ಬೇಡಿ ಅಂತ ಹೇಳುದಿಲ್ಲ, ನೀವು ಒಂದು ಕಣ್ಣು ಇಟ್ಟಿರಿ, ಅಷ್ಟೇ, ಎಂದಳು, ಒಂದು ಕಣ್ಣು, ಕಣ್ಣಿಗೆ ಗೊತ್ತಾಗುವುದಿಲ್ಲ ಜಮೀಲ, ಕೈಗೆ ಗೊತ್ತಾಗುತ್ತದೆ, ತಂಡಕ್ಕೆ ವಾಪಸು ಬರಬೇಕಾದರೆ ಗಾಯಕ್ಕೆ ಮೊದಲು ಎತ್ತುತ್ತಿದ್ದಷ್ಟನ್ನೇ ಎತ್ತಿ ತೋರಿಸಬೇಕು ಎಂಬುದು ಕೋಚಿನ ನಿಯಮ, ರಾಡನ್ನು ಹೆಗಲ ಮೇಲೆ ಹೊತ್ತು ಪೂರ್ತಿ ಕೂತು ಏಳಬೇಕು, ನೂರನಲವತ್ತು, ಮೂರು ಮೂರು, ಹತ್ತು ತಿಂಗಳಿಂದ ಹುಡುಗ ಅದನ್ನೇ ಕನಸಿನಲ್ಲೂ ಎಣಿಸುತ್ತಿದ್ದಾನೆ.

ಗರ್ಹೂದ್ ಸೇತುವೆ, ಕೆಳಗೆ ನೀರು ತಗಡಿನ ಹಾಗೆ ಹೊಳೆಯುತ್ತಿದೆ, ಅಬ್ರಾ ದೋಣಿಯೊಂದೂ ಕಾಣುತ್ತಿಲ್ಲ, ಇನ್ನೂ ಸ್ವಲ್ಪ ಓಡಿಸು ಅನ್ಸಾರ್, ಓಡ್ಸಿದ್ರೆ ರಾಡಾರ್ ಉಂಟು ಇಲ್ಯಾಸಾಕ, ದಂಡ ನಿಮ್ಮ ಕೋಚ್ ಕಟ್ತಾರಾ, ಆಗಿದ್ದೆಂತ ಅಂತ ಆದ್ರೂ ಹೇಳಿ, ಹೇಳಿದೆ, ಪ್ಲೇಟು ಅದಲುಬದಲಾಗಿದೆ ಎಂದೆ, ಒಂದು ಕಡೆ ಜಾಸ್ತಿ ಒಂದು ಕಡೆ ಕಡಿಮೆ, ಅಷ್ಟೇಯಾ, ಎತ್ತುವವನಿಗೆ ಗೊತ್ತಾಗುದಿಲ್ವಾ ಅದು, ಗೊತ್ತಾಗುತ್ತದೆ ಅನ್ಸಾರ್, ಹೊತ್ತ ಮೇಲೆ ಗೊತ್ತಾಗುತ್ತದೆ, ಆದರೆ ಅವನು ಒಪ್ಪುವುದಿಲ್ಲ, ಎಡಕ್ಕೆ ವಾಲಿದರೆ ನನ್ನ ಎಡಗಾಲೇ ಇನ್ನೂ ಸರಿಯಾಗಿಲ್ಲ ಎಂದುಕೊಳ್ಳುತ್ತಾನೆ, ಹಲ್ಲು ಕಚ್ಚಿ ಇನ್ನಷ್ಟು ಒತ್ತುತ್ತಾನೆ, ಹತ್ತು ತಿಂಗಳಿಂದ ಅವನಿಗೆ ನಾವೆಲ್ಲ ಕಲಿಸಿದ್ದು ಅದನ್ನೇ, ಎಡಗಾಲನ್ನು ನಂಬಬೇಡ ಎಂದಲ್ಲ, ಎಡಗಾಲಿಗೆ ಹೆದರಬೇಡ ಎಂದು, ತಪ್ಪು ರಾಡಿನದ್ದಿರಬಹುದು ಎಂದು ಅವನಿಗೆ ಹೊಳೆಯುವುದಿಲ್ಲ, ರಾಡಿನದ್ದಾದರೆ ಮಾಮ ನೋಡಿರುತ್ತಾರೆ, ಮಾಮ ಒಂದು ಮಿಲಿಮೀಟರೂ ಬಿಡುವುದಿಲ್ಲ ಎಂದು ಅವನ ನಂಬಿಕೆ, ಅನ್ಸಾರ್ ಆಕ್ಸಿಲರೇಟರ್ ಒತ್ತಿದ, ಹಿಂದೆ ಖಾಲಿ ಗಾಡಿಯಲ್ಲಿ ಹಗ್ಗದ ಕೊಕ್ಕೆಯೊಂದು ಟಣ್ ಟಣ್ ಎಂದು ಬಡಿದುಕೊಳ್ಳುತ್ತಿದೆ.

ಅಶ್ಮಿತಾ, ಹೌದು, ಕಾಲೇಜಿನ ಆಫೀಸಿನ ಕೌಂಟರಿನಲ್ಲಿ ಅಶ್ಮಿತಾ ಇರುತ್ತಾಳೆ, ಫೋನು ಎತ್ತಿದಳು, ಸರ್, ಬೆಳಿಗ್ಗೆಯಿಂದ ಇದು ನಿಮ್ಮ ಎಷ್ಟನೇ ಕಾಲ್, ಇನ್ನು ಯಾವ ನಟ್ಟು ನೋಡ್ಬೇಕು, ಬೆಳಿಗ್ಗೆ ಕ್ಲಿಪ್ಪುಗಳ ಬಗ್ಗೆ ಹೇಳಿದ್ದೆ, ನೆಲದ ಚಾಪೆಯ ಬಗ್ಗೆ ಹೇಳಿದ್ದೆ, ಏಸಿಯ ನೀರು ತೊಟ್ಟಿಕ್ಕುವುದರ ಬಗ್ಗೆ ಹೇಳಿದ್ದೆ, ಹೇಳಬೇಕಿಲ್ಲದ್ದನ್ನೆಲ್ಲ ಹೇಳಿ ಹೇಳಿ ಹೇಳಬೇಕಾದ್ದಕ್ಕೆ ಬೆಲೆ ಇಲ್ಲದ ಹಾಗೆ ಮಾಡಿಕೊಂಡೆ, ಅಶ್ಮಿತಾ, ನಗಬೇಡಮ್ಮ, ವೇಟ್ ರೂಮಿಗೆ ಓಡು, ಎಡ ಗೂಟದ ಪ್ಲೇಟು ಬಲ ಗೂಟದ ಪ್ಲೇಟು ಒಂದೇ ಅಲ್ಲ, ಹಿಂದಿನ ನಂಬರು ನೋಡಿ ಎಂದು ಹೇಳು, ಹಾಗೇ ಹೇಳು, ಅವಳ ಚಪ್ಪಲಿಯ ಶಬ್ದ, ಕಾರಿಡಾರು, ದೂರದಿಂದ ಡಬಡಬ ಸಂಗೀತ, ಬಾಗಿಲು ತಟ್ಟುವುದು, ಸಂಗೀತ ಒಮ್ಮೆಲೇ ಜೋರಾಯಿತು, ಬಾಗಿಲು ತೆರೆದರು, ತೆರೆದರಲ್ಲ, ಅಲ್‌ಹಮ್‌ದುಲಿಲ್ಲಾಹ್, ಏನೋ ಮಾತು, ಹುಡುಗರ ನಗು, ಸಂಗೀತ ಮತ್ತೆ ಸಣ್ಣದಾಯಿತು, ಹೇಳಿದೆ ಸರ್, ಕೋಚ್ ಎಂತ ಹೇಳಿದ್ರು ಗೊತ್ತುಂಟಾ, ಮಿಲಿಮೀಟರ್ ಅಂಕಲಿಗೆ ಆರಾಮಲ್ಲಿ ಬಿರಿಯಾನಿ ತಿನ್ಲಿಕ್ಕೆ ಹೇಳಿ, ನಾವು ಎಣಿಸಿಯೇ ಹಾಕಿದ್ದೇವೆ, ಮೂರು ಮೂರು, ಅಂತ.

ಎಣಿಸಿಯೇ. ಎಣಿಸಿಯೇ ಹಾಕಿದ್ದಾರೆ. ಎಣಿಸಬೇಡಿ, ಓದಿ ಎಂದು ಹೇಳು ಅಶ್ಮಿತಾ, ಇನ್ನೊಮ್ಮೆ ಹೋಗು, ಹೋದಳು, ತಟ್ಟಿದಳು, ನನಗೂ ಕೇಳಿಸಿತು ತಟ್ಟಿದ್ದು, ಸರ್, ಲಾಕ್ ಮಾಡಿದ್ದಾರೆ, ಟೆಸ್ಟ್ ಶುರು ಅಂತ ಬೋರ್ಡ್ ಹಾಕಿದ್ದಾರೆ, ಮ್ಯೂಸಿಕ್ ಇನ್ನೂ ಜೋರು ಮಾಡಿದ್ದಾರೆ, ಕೇಳುದಿಲ್ಲ, ಯಾರಾದ್ರೂ ಹೊರಗೆ ಬಂದ್ರೆ ಹೇಳ್ತೇನೆ, ಇಲ್ಲಿ ಕೌಂಟರಿನಲ್ಲಿ ಜನ ಕಾಯ್ತಿದ್ದಾರೆ ಸರ್, ಕಟ್ ಆಯಿತು, ನಮಗಿಂತ ತುಸು ಮುಂದೆ ವಿಮಾನವೊಂದು ಇಳಿಯಲು ಚಕ್ರ ಬಿಟ್ಟಿದೆ, ಎಷ್ಟು ನಿಧಾನ, ಆಕಾಶದಲ್ಲಿ ನಿಂತೇಬಿಟ್ಟಿದೆಯೋ ಎಂಬಂತೆ, ಎರಡೂ ರೆಕ್ಕೆ ಸಮ, ಎಡ ರೆಕ್ಕೆಯಷ್ಟೇ ಬಲ ರೆಕ್ಕೆ, ಹಾಗೇ ಇರಬೇಕು, ಸರದಿಯಲ್ಲಿ ಜಂಶೀರ್ ಎಷ್ಟನೆಯವನೋ, ಹೆಸರಿನ ಇಂಗ್ಲಿಷ್ ಅಕ್ಷರದ ಪ್ರಕಾರವೇ ಕರೆಯುವುದು, ಜೆ ಬರಲು ಹೊತ್ತಿದೆ, ಅವನಿಗಿಂತ ಮೊದಲಿನವರು ಯಾರೂ ನೂರನಲವತ್ತು ಎತ್ತುವುದಿಲ್ಲ, ಎರಡು ಎರಡು ಹಾಕುತ್ತಾರೆ, ಆಗಲೂ ಹತ್ತು ಕಿಲೋ ಹೆಚ್ಚುಕಡಿಮೆ, ಅವರಿಗೆ ಒಳ್ಳೆಯ ಮೊಣಕಾಲುಗಳು, ಒಂದು ಕಡೆ ಎಳೆಯುತ್ತಿದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಹೇಳದೆ ಇರುತ್ತಾರಾ, ಹೊಸ ಪ್ಲೇಟು ಕೋಚ್, ಸ್ವಲ್ಪ ಬೇರೆ ಅನಿಸುತ್ತದೆ ಎನ್ನುತ್ತಾರೆ, ಹೊಸದಲ್ವಾ, ಅಭ್ಯಾಸ ಆಗ್ಬೇಕು ಎನ್ನುತ್ತಾರೆ ಕೋಚ್, ಅಯ್ಯೋ, ಹಾಗೇ ಹೇಳುತ್ತಾರೆ, ಆ ಧ್ವನಿಯೇ ನನಗೆ ಕೇಳಿಸುತ್ತಿದೆ.

ಒಂದು ವೇಳೆ, ಒಂದು ವೇಳೆ ಜಂಶೀರನೇ ನೋಡಿಕೊಂಡರೆ, ಮೀಸೆ ನೋಡಿಕೊಂಡರೆ, ಅದು ಅವನದೇ ಮಾತು, ಪ್ಲೇಟು ಹಾಕಿ ಕ್ಲಿಪ್ ಬಿಗಿದ ಮೇಲೆ ರಾಡಿನ ಎರಡೂ ತುದಿ ಸ್ವಲ್ಪ ಸ್ವಲ್ಪ ಬೋಳಾಗಿ ಹೊರಗೆ ಉಳಿಯುತ್ತದಲ್ಲ, ಬೆಳ್ಳಗೆ ಹೊಳೆಯುತ್ತದಲ್ಲ, ಅದು ರಾಡಿನ ಮೀಸೆ, ಎರಡು ಕಡೆಯ ಮೀಸೆ ಸಮ ಇದ್ದರೆ ಪ್ಲೇಟು ಸರಿಯಾಗಿ ಒತ್ತಿ ಕೂತಿದೆ ಎಂದು ಲೆಕ್ಕ, ಮೊದಲ ವರ್ಷ ಬಂದಾಗ ನಾನೇ ಹೇಳಿಕೊಟ್ಟದ್ದು, ಮೀಸೆ ಎಂದು ಹೆಸರಿಟ್ಟವನು ಅವನು, ಆಮೇಲೆ ರಾಡಿನ ಕೆಳಗೆ ಹೆಗಲು ಕೊಟ್ಟು ಎತ್ತುವ ಮೊದಲು ಕೇಳದೆ ಇದ್ದದ್ದೇ ಇಲ್ಲ, ಮುಂದೆ ಗೋಡೆಯಷ್ಟು ದೊಡ್ಡ ಕನ್ನಡಿ, ಕನ್ನಡಿಯಲ್ಲಿ ನನ್ನನ್ನು ಹುಡುಕಿ, ಹುಬ್ಬು ಏರಿಸಿ, ಮಾಮ, ಮೀಸೆ ಸಮ ಉಂಟಾ, ನಾನು ಹಿಂದೆ ಬಾಗಿಲ ಬಳಿ ನಿಂತು ಎಡ ನೋಡಿ ಬಲ ನೋಡಿ, ಉಂಟು ಮೋನು, ಎತ್ತು, ಎನ್ನಬೇಕು, ಆಗಲೇ ಅವನು ಎತ್ತುವುದು, ಅವನು ಸ್ವತಃ ನೋಡುವುದಿಲ್ಲ, ಯಾವತ್ತೂ ನೋಡಿಲ್ಲ, ನೋಡುವ ಕೆಲಸ ನನ್ನದು, ಇಪ್ಪತ್ತೈದರದ್ದು ಅರುವತ್ತೈದು ಮಿಲಿಮೀಟರ್ ದಪ್ಪ, ಇಪ್ಪತ್ತರದ್ದು ಐವತ್ತನಾಲ್ಕು, ಒಂದಕ್ಕೆ ಹನ್ನೊಂದು ವ್ಯತ್ಯಾಸ, ಮೂರಕ್ಕೆ ಎಷ್ಟೆಂದು ಹೇಳಬೇಕಾಗಿಲ್ಲ, ಎಡಗಡೆಯ ಮೀಸೆ ಅಷ್ಟು ಗಿಡ್ಡವಾಗಿರುತ್ತದೆ, ನಾನಲ್ಲಿದ್ದಿದ್ದರೆ ಬಾಗಿಲಿನಿಂದಲೇ ಕಾಣುತ್ತಿತ್ತು, ನಾನಿಲ್ಲ, ನನ್ನನ್ನು ರಜೆ ಕೊಟ್ಟು ಕಳಿಸಿದ್ದಾರೆ, ಇವತ್ತು ಅವನು ಕನ್ನಡಿಯಲ್ಲಿ ಯಾರನ್ನು ಹುಡುಕುತ್ತಾನೆ, ಯಾರೂ ಕಾಣದಿದ್ದರೆ ಒಂದು ಕ್ಷಣ ತಡೆಯಬಹುದು, ತಡೆಯಲಿ, ಮನಸ್ಸಿಗೆ ಏನೋ ಸರಿಯಿಲ್ಲ ಎನಿಸಲಿ, ರಾಡಿನಿಂದ ಹೆಗಲು ತೆಗೆಯಲಿ, ಯಾ ರಬ್ಬೇ, ಮಾಮ ಇಲ್ಲದೆ ಎತ್ತುವುದಿಲ್ಲ ಎನ್ನಲಿ, ಎಲ್ಲರೂ ನಗಲಿ, ನಗಲಿ.

ಗೇಟು, ಅನ್ಸಾರ್ ಬ್ರೇಕು ಹಾಕುವ ಮೊದಲೇ ಇಳಿದೆ, ಇಲ್ಯಾಸಾಕ, ಆ ಪಾರ್ಸೆಲ್ ಆದ್ರೂ ಇಟ್ಟು ಹೋಗಿ, ಇಡಲು ನಿಲ್ಲಬೇಕು, ನಿಲ್ಲಲು ಸಮಯವಿಲ್ಲ, ಗಾರ್ಡು ಸಲಾಂ ಹೊಡೆದ, ಮೈದಾನದ ಅಂಚು, ಸ್ಪ್ರಿಂಕ್ಲರಿನ ನೀರು ಕಾಲಿಗೆ ಹಾರಿತು, ಐವತ್ತೆರಡು ವರ್ಷಕ್ಕೆ ಓಡಿದರೆ ಎದೆಯೊಳಗೆ ಸೀಟಿಯ ಹಾಗೆ ಶಬ್ದ ಬರುತ್ತದೆ, ಎಡಗೈಯ ಚೀಲ ತೊಡೆಗೆ ಬಡಿಯುತ್ತಿದೆ, ಬಲಗೈಯದ್ದು ಗಾಳಿಯಲ್ಲಿ ಹಾರುತ್ತಿದೆ, ಹೀಗೇ ಇರುತ್ತದೆ ಅವನಿಗೂ, ಹೀಗೇ ಎಳೆಯುತ್ತದೆ ಎಡಕ್ಕೆ, ನನಗಿದು ಬರಿಯ ಅನ್ನ, ಕಾರಿಡಾರು, ಕೌಂಟರಿನಿಂದ ಅಶ್ಮಿತಾ ಎದ್ದು ಸರ್ ಎಂದಳು, ಮುಖದಲ್ಲಿ ನಗುವಿರಲಿಲ್ಲ, ವೇಟ್ ರೂಮಿನ ಗಾಜಿನ ಬಾಗಿಲು, ಸಂಗೀತಕ್ಕೆ ಗಾಜೇ ನಡುಗುತ್ತಿದೆ, ಹುಡುಗರು ಅರ್ಧಚಂದ್ರದ ಹಾಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ, ಕೋಚಿನ ಬೆನ್ನು, ಅದರಾಚೆ ಜಂಶೀರನ ಬೆನ್ನು, ಬಿಳಿ ಬನಿಯನು, ಹೆಗಲ ಮೇಲೆ ರಾಡು, ಇನ್ನೂ ಸ್ಟ್ಯಾಂಡಿನ ಮೇಲೇ ಇದೆ, ಇನ್ನೂ ಎತ್ತಿಲ್ಲ, ಎತ್ತಿಲ್ಲ, ಬಾಗಿಲು ತೆರೆಯುವ ಕಾರ್ಡು ಕುತ್ತಿಗೆಯಲ್ಲಿದೆ, ಎರಡು ಕೈಯೂ ತುಂಬಿದೆ, ಎದೆಯನ್ನೇ ಬಾಗಿಲ ಪಕ್ಕದ ಯಂತ್ರಕ್ಕೆ ಒತ್ತಿದೆ, ಕೆಂಪು ದೀಪ, ಇನ್ನೊಮ್ಮೆ ಒತ್ತಿದೆ, ಕೆಂಪು, ಮಧ್ಯಾಹ್ನದ ಮೇಲೆ ರಜೆ ಎಂದು ಅದಕ್ಕೂ ಹೇಳಿಟ್ಟಿದ್ದಾರೋ ಏನೋ, ಮೊಣಕೈಯಿಂದ ಗಾಜಿಗೆ ಬಡಿದೆ, ಚಪ್ಪಾಳೆಯಲ್ಲಿ ಅದೂ ಒಂದು ಚಪ್ಪಾಳೆಯಾಗಿ ಹೋಯಿತು, ಜಂಶೀರ್ ತಲೆ ಎತ್ತಿದ, ಕನ್ನಡಿಯಲ್ಲಿ ಹುಡುಕುತ್ತಿದ್ದಾನೆ, ಕೋಚಿನ ಮುಖ ದಾಟಿ, ಹುಡುಗರ ಮುಖ ದಾಟಿ, ಖಾಲಿ ಬಾಗಿಲಿಗೆ ಬಂದ ಕಣ್ಣು ನಿಂತಿತು, ಖಾಲಿಯಲ್ಲ, ನಾನಿದ್ದೇನೆ, ನನ್ನನ್ನು ಕಂಡ, ಮುಖವಿಡೀ ಬೆಳಗಿತು, ಹುಬ್ಬು ಏರಿಸಿದ, ತುಟಿ ಅಲ್ಲಾಡಿತು, ಮಾಮ, ಅಷ್ಟೇ ಓದಲಾಯಿತು, ಉಳಿದದ್ದನ್ನು ಓದಬೇಕಾಗಿಲ್ಲ, ಇಲ್ಲ ಎಂದು ತಲೆ ಆಡಿಸಿದೆ, ಆಡಿಸಿದೆನಾ, ಓಡಿ ಬಂದ ಏದುಸಿರಿಗೆ ಇಡೀ ತಲೆ ಹೌದೆಂಬಂತೆ ಮೇಲೆ ಕೆಳಗೆ ಹೋಗುತ್ತಿದೆ, ಕೈ ಎತ್ತಿದೆ, ಎರಡು ಹಳದಿ ಚೀಲ ಗಾಜಿನ ಮೇಲೆ ಎದ್ದವು, ಬಿರಿಯಾನಿ ಕಂಡು ಅವನು ನಕ್ಕ, ಮಾಮ ಬಂದರು, ಮಾಮ ನೋಡಿದರು, ಇನ್ನು ಹೆದರಿಕೆ ಇಲ್ಲ ಎಂಬ ನಗು, ಹೆಗಲು ಏರಿತು, ರಾಡು ಕೊಕ್ಕೆಯಿಂದ ಮೇಲೆದ್ದಿತು, ಒಂದು ಹೆಜ್ಜೆ ಹಿಂದೆ, ಇನ್ನೊಂದು ಹೆಜ್ಜೆ, ಅವನ ಮೊಣಕಾಲುಗಳು ಮಡಿಯತೊಡಗಿದವು, ನನಗೀಗ ಕಾಣುತ್ತಿರುವುದು ಎರಡು ತುದಿಗಳು ಮಾತ್ರ, ಬೋಳು, ಬೆಳ್ಳಗೆ, ಹೊಳೆಯುವ ಎರಡು ತುದಿಗಳು, ಎಡಗಡೆಯದು ಗಿಡ್ಡ, ಬಲಗಡೆಯದು ಉದ್ದ, ಎಡಗಡೆಯದು ಗಿಡ್ಡ, ವ್ಯತ್ಯಾಸ ಮೂವತ್ತಮೂರು ಮಿಲಿಮೀಟರ್.